ಪತ್ರಾಗಾರದ ಪ್ರದರ್ಶನ ಮತ್ತು ದಾಖಲೆ ಓದು: ಕಲಬುರಗಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸರ್ಕಾರಿ ದಾಖಲೆಗಳ ಪ್ರದರ್ಶನ ಎಲ್ಲೇ ಇರಲಿ, ಮೇಜಿನ ಪಕ್ಕ ನಿಂತು ಬಂದವರಿಗೆ ಓದಿ ಹೇಳುವ ಕೆಲಸ ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕಲಬುರಗಿ, ಬೀದರ, ಯಾದಗಿರಿ, ಎಲ್ಲಿಗೆ ಹೋದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೆಲವರು ಅಲ್ಲೇ ಕೇಳುತ್ತಾರೆ. ಕೆಲವರು ಮನೆಗೆ ಹೋಗಿ ಪತ್ರ ಬರೆಯುತ್ತಾರೆ. ಇನ್ನು ಕೆಲವರು ಮನೆಯ ಟ್ರಂಕಿನಲ್ಲಿದ್ದ ಕಾಗದದ ಫೋಟೋ ಕಳಿಸಿ "ಇದೇನ್ರೀ ಸರ್" ಎನ್ನುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಮೊದಲ ಸಲ ಬರುವವರಿಗೆ

ಪತ್ರಾಗಾರ ಅಂದ್ರೆ ಮ್ಯೂಸಿಯಂನೇ ಅಲ್ವಾ?

ಅಲ್ಲ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸನ್ನತಿ ಕಡೆಯ ಶಿಲ್ಪಗಳನ್ನು ನೋಡುತ್ತೀರಿ. ಅಲ್ಲಿರುವುದು ವಸ್ತು. ಗ್ರಂಥಾಲಯದಲ್ಲಿರುವುದು ಪುಸ್ತಕ, ಒಂದು ಪ್ರತಿ ಹರಿದರೆ ಇನ್ನೊಂದು ಎಲ್ಲೋ ಸಿಗುತ್ತದೆ. ಪತ್ರಾಗಾರದಲ್ಲಿರುವುದು ಆಡಳಿತ ನಡೆಯುವಾಗ ತಾನಾಗಿ ಹುಟ್ಟಿದ ಕಾಗದ. ಅರ್ಜಿ, ಆದೇಶ, ಕಂದಾಯದ ಲೆಕ್ಕ, ನಕ್ಷೆ, ಕೋರ್ಟಿನ ತೀರ್ಪು, ಬರಗಾಲದ ವರದಿ. ಮುಂದೆ ಯಾರೋ ಇತಿಹಾಸ ಓದಲಿ ಎಂದು ಅದನ್ನು ಯಾರೂ ಬರೆದಿಲ್ಲ. ಆ ದಿನದ ಕೆಲಸ ಆಗಲಿ ಎಂದು ಬರೆದರು. ಅದಕ್ಕೇ ಅದರ ಮಾತಿಗೆ ತೂಕ ಜಾಸ್ತಿ. ಮತ್ತು ಬಹಳ ಸಲ ಅದು ಒಂದೇ ಪ್ರತಿ.

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ವಿಕಾಸಸೌಧದಲ್ಲಿದೆ. ಕಲಬುರಗಿಯಲ್ಲಿ ಅದರ ವಿಭಾಗೀಯ ಕಚೇರಿ ಇದೆ. ದೇಶದ ಮಟ್ಟದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಅದು 1891ರಲ್ಲಿ ಕೋಲ್ಕತ್ತಾದಲ್ಲಿ ಶುರುವಾಯಿತು.

ಟಿಕೆಟ್ ಇದೆಯಾ? ಮಕ್ಕಳನ್ನು ಕರ್ಕೊಂಡು ಬರಬಹುದಾ?

ಇಂಥ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಮಕ್ಕಳನ್ನು ಖಂಡಿತ ಕರೆತನ್ನಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆತನ್ನಿ. ಮೊಮ್ಮಗ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾನೆ, ಅಜ್ಜ ಒಂದೇ ಕಾಗದದ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ. ಇಬ್ಬರೂ ಜೊತೆಗಿದ್ದರೆ ಆ ಮೊಮ್ಮಗನೂ ನಿಲ್ಲುತ್ತಾನೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ನೋಡೋಕೆ ಏನಿರುತ್ತೆ? ಬರೀ ಹಳೇ ಕಾಗದ ಅಲ್ವಾ?

ಬರೀ ಕಾಗದವೇ. ಆದರೆ ಯಾರ ಕಾಗದ ಎಂದು ನೋಡಿ.

ನಿಮ್ಮ ಅಡ್ಡಹೆಸರು ಮಾಲಿಪಾಟೀಲ ಎಂದಿಟ್ಟುಕೊಳ್ಳಿ. ನಮ್ಮ ಭಾಗದಲ್ಲಿ ಊರಿನ ಕಂದಾಯ ವಸೂಲಿ ನೋಡುತ್ತಿದ್ದವನು ಮಾಲಿ ಪಾಟೀಲ. ಊರಿನ ಕಾವಲು, ಕಳ್ಳಕಾಕರ ಸುದ್ದಿ ನೋಡುತ್ತಿದ್ದವನು ಪೊಲೀಸ್ ಪಾಟೀಲ. ಲೆಕ್ಕ ಬರೆಯುತ್ತಿದ್ದವನು ಪಟವಾರಿ ಅಥವಾ ಕುಲಕರ್ಣಿ. ದೇಶಮುಖ, ದೇಶಪಾಂಡೆ, ಇನಾಮದಾರ, ಜಾಗೀರದಾರ, ಇವೆಲ್ಲ ಒಂದು ಕಾಲದ ಹುದ್ದೆ ಅಥವಾ ಹಕ್ಕಿನ ಹೆಸರುಗಳು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಈ ಹೆಸರುಗಳನ್ನು ದಿನಾ ಕೂಗುತ್ತಾರೆ. ಅದೇ ಹೆಸರು ಹಳೆಯ ಲೆಕ್ಕದ ಪುಟದಲ್ಲಿ ಕಂಡಾಗ ಹುಡುಗರ ಮುಖವೇ ಬೇರೆ ಆಗುತ್ತದೆ.

ಸಾಮಾನ್ಯವಾಗಿ ಏನು ಇಡುತ್ತಾರೆ ಅಂದರೆ: ಊರಿನ ಸರ್ವೆ ನಕ್ಷೆ, ಜಮೀನಿನ ಲೆಕ್ಕ, ಕೆರೆ-ಬಾವಿಯ ಕಡತ, ರೈಲು ಮಾರ್ಗದ ನಕ್ಷೆ, ಸ್ವಾತಂತ್ರ್ಯ ಹೋರಾಟಗಾರರ ಮೇಲಿನ ಪೊಲೀಸ್ ವರದಿ, ಏಕೀಕರಣದ ಕಾಲದ ಆದೇಶಗಳು, ಹಳೆಯ ಫೋಟೋ. ದೊಡ್ಡವರ ಸಹಿ ಇರುವ ಕಾಗದಕ್ಕೆ ಜನ ಮೊದಲು ಹೋಗುತ್ತಾರೆ. ನಾನು ಮಾತ್ರ ಸಣ್ಣ ಅರ್ಜಿಗಳ ಕಡೆ ಕೈ ತೋರಿಸುತ್ತೇನೆ. ಮಳೆ ಬಂದಿಲ್ಲ, ಈ ವರ್ಷ ಕಂದಾಯ ಬಿಡಿ ಎಂದು ಒಬ್ಬ ರೈತ ಹೆಬ್ಬೆಟ್ಟು ಒತ್ತಿದ ಅರ್ಜಿ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ವರ್ಷದಲ್ಲಿ ಯಾವಾಗ ಇರುತ್ತೆ?

ಜೂನ್ 9 ಅಂತರರಾಷ್ಟ್ರೀಯ ಪತ್ರಾಗಾರ ದಿನ. 1948ರ ಅದೇ ದಿನ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಹುಟ್ಟಿತು. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ನಮ್ಮಲ್ಲಿ ಸೆಪ್ಟೆಂಬರ್ 17 ಇದೆ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ನವೆಂಬರ್ 1 ರಾಜ್ಯೋತ್ಸವ. ಪ್ರದರ್ಶನಗಳು ಹೆಚ್ಚಾಗಿ ಈ ದಿನಗಳ ಆಸುಪಾಸಿನಲ್ಲೇ ಬರುತ್ತವೆ.

ನನ್ನನ್ನು ಕೇಳಿದರೆ ಜೂನ್ ನಮ್ಮ ಕಡೆಗೆ ಸರಿಹೊಂದುವುದಿಲ್ಲ. ಆಗ ಮೃಗಶಿರಾ ಮಳೆ, ತೊಗರಿ-ಹೆಸರು ಬಿತ್ತನೆ. ಹಳ್ಳಿಯಿಂದ ಯಾರು ಬರುತ್ತಾರೆ? ಏಪ್ರಿಲ್-ಮೇ ಬಿಸಿಲಿನ ಮಾತಂತೂ ಹೇಳುವುದೇ ಬೇಡ. ದಸರಾ ಕಳೆದು ಸಂಕ್ರಾಂತಿವರೆಗಿನ ತಂಪು ದಿನಗಳೇ ಒಳ್ಳೆಯದು.

## ಕಾಗದದ ಮುಂದೆ ನಿಂತಾಗ

ನಮ್ಮೂರು ಕನ್ನಡದ ಊರು. ದಾಖಲೆ ಯಾಕೆ ಉರ್ದುವಿನಲ್ಲಿದೆ?

ಈ ಪ್ರಶ್ನೆಯನ್ನು ಕೇಳದೆ ಹೋದವರು ಕಡಿಮೆ. ಕಲಬುರಗಿ, ಬೀದರ, ಯಾದಗಿರಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಮೊದಲು ಆಡಳಿತದ ಭಾಷೆ ಪಾರ್ಸಿ. 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಬೀದರ, ಆಳಂದ ಕಡೆ ಇದರ ಜೊತೆಗೆ ಮರಾಠಿಯ ಮೋಡಿ ಲಿಪಿಯ ಕಾಗದವೂ ಸಿಗುತ್ತದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ ನಡೆಯುತ್ತಿತ್ತು. ಹಾಗಾಗಿ ಓದಿದ ಹಿರಿಯರು ಯಾವ ಜಾತಿ, ಯಾವ ಧರ್ಮದವರೇ ಇರಲಿ, ಉರ್ದು ಬಲ್ಲವರಾಗಿದ್ದರು.

ಇವತ್ತು ಉರ್ದು ಪತ್ರಿಕೆ ಓದುವವರು ಕಲಬುರಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕಚೇರಿಯ ಗುಮಾಸ್ತರು ಬರೆದದ್ದು ಶಿಕಸ್ತಾ ಶೈಲಿಯಲ್ಲಿ. ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಚುಕ್ಕೆಗಳು ಅರ್ಧ ಇರುವುದಿಲ್ಲ. ಹಣದ ಲೆಕ್ಕ ಅಂಕಿಗಳಲ್ಲಿಲ್ಲ, ರಕಮ್ ಎಂಬ ಬೇರೆಯೇ ಗುರುತುಗಳಲ್ಲಿದೆ. ಅದನ್ನು ಸರಾಗವಾಗಿ ಓದಬಲ್ಲವರು ಬಹುತೇಕ ಎಂಬತ್ತು ದಾಟಿದ್ದಾರೆ. ನನಗೆ ಇದೇ ದೊಡ್ಡ ಚಿಂತೆ. ಕಾಗದ ಇನ್ನೂ ನೂರು ವರ್ಷ ಉಳಿಯಬಹುದು, ಓದುವವರು ಹತ್ತು ವರ್ಷದಲ್ಲಿ ಇಲ್ಲವಾಗಬಹುದು. ಹಾಗಾಗಿ ನಮ್ಮ ಭಾಗದ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಗಿಂತ ಮೊದಲು ಬೇಕಾದದ್ದು ಓದಿ ಹೇಳುವ ಒಬ್ಬ ಮನುಷ್ಯ. ಜೋರಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದರೆ ಸಾಕು, ಸುತ್ತ ಜನ ಸೇರುತ್ತಾರೆ. ಅರ್ಜಿ, ರಸೀದಿ, ವಸೂಲಿ, ಬಾಕಿ, ಜಮೀನು, ವಕೀಲ, ತಹಸೀಲ್ ಎಂಬ ಮಾತು ಬಂದಾಗ "ಅಯ್ಯೋ, ಇದು ನಮಗೂ ಗೊತ್ತಿರೋ ಮಾತೇ" ಎಂದು ತಲೆ ಎತ್ತುತ್ತಾರೆ.

ಕಾಗದದ ಮೇಲೆ 1348 ಅಂತ ಇದೆ. ಬಹಮನಿ ಕಾಲದ್ದಾ?

ಅಲ್ಲ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಹಾಗಾಗಿ ಈ ಗೊಂದಲ ಸಹಜ. ಕಾಗದದ ಮೇಲಿರುವುದು ಫಸಲಿ ವರ್ಷ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಅದಕ್ಕೆ 590 ಕೂಡಿಸಿ. 1348 ಫಸಲಿ ಅಂದರೆ 1938-39.

ಇನ್ನೂ ನಿಖರವಾಗಿ ಬೇಕೆಂದರೆ ತಿಂಗಳು ನೋಡಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಆಜುರ್, ದೈ, ಬಹಮನ್ ಎಂದಿದ್ದರೆ ಅದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಡಿಸೆಂಬರ್, 590 ಕೂಡಿಸಿ. ಇಸ್ಫಂದಾರ್‌ನಿಂದ ಮುಂದಿನ ತಿಂಗಳುಗಳಿಗೆ 591. ಜಾಗೀರು ರದ್ದು ಮಾಡಿದ ನಿಯಮದ ಹೆಸರಿನಲ್ಲಿ 1358 ಫಸಲಿ ಎಂದಿದೆ, ಅದು ಬಂದದ್ದು 1949ರ ಆಗಸ್ಟ್‌ನಲ್ಲಿ. ಲೆಕ್ಕ ಸರಿಹೋಯಿತಲ್ವಾ? ತೀರಾ ಹಳೆಯ ಪಾರ್ಸಿ ಕಾಗದಗಳಲ್ಲಿ ಹಿಜರಿ ವರ್ಷ ಇರುತ್ತದೆ. ಅದು ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 354 ದಿನ. ಅದಕ್ಕೆ ಈ ಕೂಡಿಸುವ ಲೆಕ್ಕ ನಡೆಯುವುದಿಲ್ಲ.

ಫೋಟೋ ತೆಗೀಬಹುದಾ? ಮುಟ್ಟಬಹುದಾ?

ಫೋಟೋಗೆ ಮೊದಲು ಕೇಳಿ. ಒಪ್ಪಿದರೆ ಫ್ಲ್ಯಾಶ್ ಆರಿಸಿ ತೆಗೆಯಿರಿ. ಪ್ರದರ್ಶನದಲ್ಲಿ ಮುಟ್ಟುವುದು ಬೇಡ. ಓದುವ ಕೋಣೆಯಲ್ಲಿ ಕಡತ ಕೊಟ್ಟಾಗ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮುಟ್ಟಿ. ಬಿಳಿ ಕೈಗವಸು ಬೇಕೇ ಬೇಕು ಎಂದು ಜನ ಅಂದುಕೊಂಡಿದ್ದಾರೆ. ಕಾಗದಕ್ಕೆ ಅದು ಬೇಕಿಲ್ಲ. ಬಟ್ಟೆ ತೊಟ್ಟ ಬೆರಳಿಗೆ ಅಂಚು ಎಲ್ಲಿದೆ ಎಂಬುದೇ ತಿಳಿಯದೆ ಕಾಗದ ಹರಿಯುವುದು ಜಾಸ್ತಿ. ಹಳೆಯ ಫೋಟೋ ಹಿಡಿಯಲು ಮಾತ್ರ ಕೈಗವಸು ಬೇಕು. ಬರೆದುಕೊಳ್ಳಲು ಪೆನ್ಸಿಲ್ ತನ್ನಿ, ಪೆನ್ನು ಹೊರಗಿರಲಿ.

ಇಟ್ಟಿರೋದು ಅಸಲಿನಾ, ಜೆರಾಕ್ಸಾ? ಜೆರಾಕ್ಸ್ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?

ಎರಡೂ ಇರುತ್ತವೆ. ಬೆಳಕು ಕಾಗದವನ್ನು ತಿನ್ನುತ್ತದೆ. ತಿಂದದ್ದು ವಾಪಸ್ ಬರುವುದಿಲ್ಲ. ಅಸಲಿ ಕಾಗದದ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದು ಎಂಬುದು ಎಲ್ಲ ಕಡೆ ಒಪ್ಪಿರುವ ಲೆಕ್ಕ. ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಹೋಗುತ್ತದೆ. ಕಲಬುರಗಿಯ ಬಿಸಿಲು ನಿಮಗೆ ನಾನು ಹೇಳಬೇಕೇ? ಅದಕ್ಕೇ ಅಸಲಿ ಇಟ್ಟ ಕೋಣೆ ಮಬ್ಬಾಗಿರುತ್ತದೆ, ಮತ್ತು ಕೆಲವು ವಾರ ಆದಮೇಲೆ ಅದನ್ನು ತೆಗೆದು ಕತ್ತಲಲ್ಲಿ ಇಡುತ್ತಾರೆ.

ಶಾಲೆಯ ವರಾಂಡದಲ್ಲೋ ಬಯಲಿನ ಮಂಟಪದಲ್ಲೋ ಪ್ರದರ್ಶನ ಇದ್ದರೆ ಅಲ್ಲಿ ನಕಲೇ ಇರಲಿ. ಇದರಲ್ಲಿ ಮೋಸ ಏನಿಲ್ಲ. ಆದರೆ "ಇದು ನಕಲು, ಅಸಲಿ ಇಂಥಲ್ಲಿದೆ" ಎಂದು ಬರೆದಿರಲೇಬೇಕು. ಹಾಗೆ ಬರೆಯದೆ ಇಟ್ಟಿದ್ದರೆ ನೀವು ಕೇಳಿ. ಕೇಳುವುದು ನಿಮ್ಮ ಹಕ್ಕು. ದೊಡ್ಡದಾಗಿ ಅಚ್ಚು ಹಾಕಿದ ಒಳ್ಳೆಯ ನಕಲಿನಲ್ಲಿ ಅಕ್ಷರ ಅಸಲಿಗಿಂತ ಸಲೀಸಾಗಿ ಕಾಣುತ್ತದೆ, ಅದೂ ಒಂದು ಲಾಭ.

ಹಳೇ ಕಾಗದ ಖೋಟಾ ಅಲ್ಲ ಅಂತ ಹೇಗೆ ನಂಬೋದು? ಮೊಹರು ಇದ್ದರೆ ಸಾಕಾ?

ಸಾಲದು. ಇದಕ್ಕೆ ಬೀದರಿನಲ್ಲೇ ಒಂದು ಕಥೆ ಇದೆ, ಐದು ನೂರು ವರ್ಷಕ್ಕೂ ಹಳೆಯದು.

ಮಹಮೂದ್ ಗವಾನ್ ಬಹಮನಿ ರಾಜ್ಯದ ದೊಡ್ಡ ಮಂತ್ರಿ. ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಅವನ ಮದರಸಾ ಇವತ್ತಿಗೂ ಅರ್ಧ ನಿಂತಿದೆ. ಪತ್ರ ಬರೆಯುವುದರಲ್ಲಿ ಅವನದು ಎತ್ತಿದ ಕೈ, ಅವನ ಪಾರ್ಸಿ ಪತ್ರಗಳ ಸಂಗ್ರಹವೇ ಇದೆ. ಅಂಥವನನ್ನು ಕೊಂದದ್ದು ಒಂದು ಪತ್ರವೇ. ಅವನಿಗೆ ಆಗದ ಸರದಾರರು ಅವನ ಮೊಹರು ನೋಡಿಕೊಳ್ಳುವವನನ್ನು ಒಲಿಸಿಕೊಂಡರು. ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆಯುವ ಹಾಗೆ ಅದರಲ್ಲಿ ಬರೆದು ಸುಲ್ತಾನ ಮೂರನೇ ಮುಹಮ್ಮದ್ ಶಾನಿಗೆ ತೋರಿಸಿದರು. ಮೊಹರು ನನ್ನದು, ಬರಹ ನನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ಕೇಳಲಿಲ್ಲ. 1481ರಲ್ಲಿ ಅವನ ತಲೆ ಹೋಯಿತು. ಆಮೇಲೆ ಸುಲ್ತಾನನಿಗೆ ನಿಜ ತಿಳಿದು ಪಶ್ಚಾತ್ತಾಪವಾಯಿತು, ಆದರೆ ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮೊಹರು ಅಸಲಿ, ಕಾಗದ ಅಸಲಿ, ಮಾತು ಖೋಟಾ. ಪತ್ರಾಗಾರದವರು ಕೇಳುವ ಮೊದಲ ಪ್ರಶ್ನೆ ಇದಕ್ಕೇ ಬೇರೆ ಇರುತ್ತದೆ: ಈ ಕಾಗದ ಯಾರ ಕೈಯಿಂದ ಯಾರ ಕೈಗೆ ಬಂತು? ಯಾವ ಬಸ್ತಾದಲ್ಲಿ, ಅಂದರೆ ಕಡತಗಳ ಯಾವ ಬಟ್ಟೆ ಕಟ್ಟಿನಲ್ಲಿ ಇತ್ತು? ಅದರ ಹಿಂದಿನ ಕಾಗದ ಯಾವುದು, ಮುಂದಿನದು ಯಾವುದು? ಒಂದು ಆದೇಶ ಹೊರಟಿದ್ದರೆ ಅದರ ನಂಬರು ಜಾವಕ್ ಪುಸ್ತಕದಲ್ಲಿ ಇರಬೇಕು, ಮುಟ್ಟಿದ ಕಚೇರಿಯ ಆವಕ್ ಪುಸ್ತಕದಲ್ಲೂ ಇರಬೇಕು. ಒಂಟಿ ಕಾಗದ ಎಷ್ಟು ಚಂದ ಇದ್ದರೂ ಅನುಮಾನದಿಂದಲೇ ನೋಡಬೇಕು. ಪ್ರದರ್ಶನಕ್ಕೆ ತೆಗೆದ ಕಾಗದ ಮತ್ತೆ ಅದೇ ಬಸ್ತಾಕ್ಕೆ, ಅದೇ ಜಾಗಕ್ಕೆ ಹೋಗಬೇಕು ಎಂದು ನಾವು ಹಟ ಹಿಡಿಯುವುದೂ ಇದೇ ಕಾರಣಕ್ಕೆ.

## ಮನೆಯಲ್ಲಿರುವ ಕಾಗದ

ನಮ್ಮ ಮುತ್ಯಾನ ಕಾಗದ ಮನ್ಯಾಗ ಅವ. ತಂದ್ರ ನೀವು ಇಟ್ಕೊಂಡು ಬಿಡ್ತೀರೇನು?

ಇಲ್ಲ. ನಿಮ್ಮ ಕಾಗದ ನಿಮ್ಮದೇ. ಪ್ರದರ್ಶನದ ದಿನ ಓದಿ ಹೇಳುವವರು ಇದ್ದರೆ ತಂದು ಓದಿಸಿಕೊಳ್ಳಿ, ಕೈಯಲ್ಲೇ ವಾಪಸ್ ಒಯ್ಯಿರಿ. ಒಂದು ಸ್ಕ್ಯಾನ್ ಪ್ರತಿ ಬಿಟ್ಟುಹೋದರೆ ಸಂತೋಷ, ಬಿಡದಿದ್ದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಇನ್ನು ಕಾಯಲು ಆಗದು ಎನ್ನುವವರು ಪತ್ರಾಗಾರಕ್ಕೆ ದಾನ ಕೊಡಬಹುದು. ಕೊಡುವಾಗ ಬಾಯಿಮಾತು ಬೇಡ. ಏನೇನು ಕೊಟ್ಟಿರಿ ಎಂಬ ಪಟ್ಟಿ ಮಾಡಿ, ಸಹಿ ಹಾಕಿದ ರಸೀದಿ ಪಡೆಯಿರಿ. ಇಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಷರತ್ತು ಇದ್ದರೆ ಅದನ್ನೂ ಬರೆಸಿ.

ತರುವಾಗ ಮಡಿಚಿದ್ದನ್ನು ಜಬರದಸ್ತಿಯಿಂದ ಬಿಚ್ಚಬೇಡಿ. ಹಾಗೇ ತನ್ನಿ. ಎರಡು ರಟ್ಟಿನ ನಡುವೆ ಇಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ.

ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿದೀವಿ. ಒಳ್ಳೇದಲ್ವಾ?

ದಯವಿಟ್ಟು ಬೇಡ. ಇದನ್ನು ನಾನು ಮನೆಯ ಸಂಕಟದಿಂದ ಹೇಳುತ್ತಿದ್ದೇನೆ. ನಮ್ಮ ಅಜ್ಜನ ಕಾಲದ ಒಂದು ಕರಾರು ಪತ್ರವನ್ನು ಮನೆಯವರು ಪ್ರೀತಿಯಿಂದಲೇ ಒಂದು ಅಂಗಡಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸಿದರು. ಬಿಸಿಗೆ ಕಾಗದ ಸುಕ್ಕಾಯಿತು. ಅಂಟು ಅಕ್ಷರದ ಒಳಗೆ ಇಳಿಯಿತು. ಕೆಲವು ವರ್ಷದಲ್ಲಿ ಇಡೀ ಹಾಳೆ ಕಂದು ಬಣ್ಣಕ್ಕೆ ತಿರುಗಿತು. ಪ್ಲಾಸ್ಟಿಕ್ ಬಿಡಿಸಲು ಹೋದರೆ ಅಕ್ಷರವೂ ಜೊತೆಗೆ ಬರುತ್ತಿತ್ತು. ಈಗ ಅದನ್ನು ಯಾರಿಂದಲೂ ಸರಿಮಾಡಲು ಆಗುವುದಿಲ್ಲ.

ಹರಿದ ಕಡೆ ಸೆಲ್ಲೋಟೇಪ್ ಹಚ್ಚುವುದೂ ಅಷ್ಟೇ ಕೆಟ್ಟದ್ದು. ಪಿನ್ನು, ಸ್ಟೇಪ್ಲರ್ ತುಕ್ಕು ಹಿಡಿಯುತ್ತವೆ. ಕಾಡಿಗೆಯಿಂದ ಮಾಡಿದ ಹಳೆಯ ಮಸಿ ಬೆಳಕಿಗೆ ಮಾಸುವುದಿಲ್ಲ, ಆದರೆ ನೀರು ತಾಗಿದರೆ ಹರಡುತ್ತದೆ. ಹಾಗಾಗಿ ಒದ್ದೆ ಬಟ್ಟೆಯಿಂದ ಒರೆಸುವ ಮಾತೇ ಬೇಡ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಗೋಡೆಗೆ ತಾಗದ ಕಪಾಟಿನಲ್ಲಿ, ನೆಲಕ್ಕಿಂತ ಮೇಲೆ ಇಡಿ. ಹಿಂದಿನವರು ಬಟ್ಟೆಯಲ್ಲಿ ಬಸ್ತಾ ಕಟ್ಟಿ, ಒಣಗಿದ ಬೇವಿನ ಎಲೆ, ಬಜೆ ಬೇರು ಇಡುತ್ತಿದ್ದರು. ಅದು ಹುಳ ತಡೆಯುವ ಒಳ್ಳೆಯ ರೂಢಿ. ಎಲೆ-ಬೇರು ಕಾಗದಕ್ಕೆ ನೇರ ತಾಗದಿರಲಿ, ಅಷ್ಟೇ.

ಪ್ರದರ್ಶನದಲ್ಲಿ ನಮ್ಮ ಹೊಲದ ಕಾಗದ ಕಾಣಿಸ್ತು. ಫೋಟೋ ತೆಗೆದು ಕೋರ್ಟಿಗೆ ಕೊಡಬಹುದಾ?

ಫೋಟೋ ನಡೆಯುವುದಿಲ್ಲ. ಆ ದಾಖಲೆ ಯಾವ ಕಚೇರಿಯ ವಶದಲ್ಲಿದೆಯೋ ಅಲ್ಲಿಂದ ದೃಢೀಕೃತ ನಕಲು ಪಡೆಯಬೇಕು. ಪ್ರದರ್ಶನದ ಫೋಟೋದಿಂದ ಆಗುವ ಲಾಭ ಅಂದರೆ ನಂಬರು, ವರ್ಷ, ಊರಿನ ಹೆಸರು ಸಿಗುತ್ತದೆ, ಅರ್ಜಿಯಲ್ಲಿ ಸರಿಯಾಗಿ ಬರೆಯಬಹುದು. ಜಮೀನಿನ ವಿಷಯದಲ್ಲಿ ನಮ್ಮ ಭಾಗದವರು ಕೇಳಬೇಕಾದ ಹೆಸರುಗಳು: ಸೇತ್ವಾರ್, 1954-55ರ ಖಾಸ್ರಾ ಪಹಣಿ, ಫೈಸಲ್ ಪಟ್ಟಿ. ಸುಮ್ನೆ "ಹಳೇ ಪಹಣಿ" ಎಂದರೆ ರೆಕಾರ್ಡ್ ರೂಮಿನವರಿಗೂ ಹುಡುಕುವುದು ಕಷ್ಟ.

ಮನೆಯಲ್ಲಿರುವ ಹಳೆಯ ಪತ್ರದ ಬಗ್ಗೆ ಒಂದು ಮಾತು. 30 ವರ್ಷ ದಾಟಿದ ಕಾಗದ, ಇರಬೇಕಾದವರ ಬಳಿಯೇ ಇದ್ದು ಬಂದಿದ್ದರೆ, ಅದರ ಸಹಿ-ಬರಹ ಸರಿ ಇದೆ ಎಂದು ಕೋರ್ಟು ಭಾವಿಸಬಹುದು. ಅದರಲ್ಲಿ ಬರೆದದ್ದೆಲ್ಲ ನಿಜ ಎಂದು ಇದರ ಅರ್ಥವಲ್ಲ. ಉಳಿದದ್ದನ್ನು ವಕೀಲರಿಗೆ ಕೇಳಿ.

## ತಾವೇ ಪ್ರದರ್ಶನ ಏರ್ಪಡಿಸುವವರಿಗೆ

ನಮ್ಮ ಭಾಗದ ದಾಖಲೆಗಳು ಎಲ್ಲೆಲ್ಲಿ ಚದುರಿಹೋಗಿವೆ?

ರಾಜ್ಯ ಬದಲಾದಷ್ಟು ಸಲ ಕಾಗದವೂ ಬೇರೆ ಬೇರೆ ಕಡೆ ಹೋಗಿದೆ. ನಿಜಾಮರ ಕಾಲದ ಮೇಲಿನ ಕಚೇರಿಗಳ ದಾಖಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಅಲ್ಲಿ ಷಾಜಹಾನ್, ಔರಂಗಜೇಬ್ ಕಾಲದ ಪಾರ್ಸಿ ಕಾಗದಗಳೂ ಲಕ್ಷದ ಮೇಲಿವೆ, ದಖ್ಖನಿನ ಆಡಳಿತದವು. 1956ರ ನವೆಂಬರ್ 1ರ ನಂತರದ್ದು ಬೆಂಗಳೂರಿನ ಕಡೆ. ಜಿಲ್ಲೆ, ತಾಲ್ಲೂಕಿನದು ಆಯಾ ರೆಕಾರ್ಡ್ ರೂಮುಗಳಲ್ಲಿ. ಯಾದಗಿರಿ ಮೊದಲು ಗುಲಬರ್ಗಾ ಜಿಲ್ಲೆಯ ಭಾಗವಾಗಿತ್ತು, ಹಾಗಾಗಿ ಅಲ್ಲಿನವರು ಕಲಬುರಗಿಯಲ್ಲೂ ಹುಡುಕಬೇಕು. ಹುಡುಕುವಾಗ "ಗುಲಬರ್ಗಾ" ಎಂದೇ ಕೇಳಿ. ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 2014ರ ನವೆಂಬರ್ 1ರಂದು.

ಸುರಪುರದ ಕಥೆ ಬೇರೆ. ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಬ್ರಿಟಿಷರ ಪರವಾಗಿ ಮೆಡೋಸ್ ಟೇಲರ್ ಅಲ್ಲಿ ಆಡಳಿತ ನೋಡಿಕೊಂಡ, 1853ರವರೆಗೆ. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ನಿಂತ, ಅದೇ ವರ್ಷ ತೀರಿಕೊಂಡ, ಮುಂದೆ ಸಂಸ್ಥಾನ ನಿಜಾಮರಿಗೆ ಹೋಯಿತು. ಈ ಕಾಲದ ಪತ್ರವ್ಯವಹಾರ ಹುಡುಕುವವರು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿ (ನಿಜಾಮರ ಬಳಿ ಇದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ದಾಖಲೆಗಳನ್ನು ನೋಡಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇಂಡಿಯಾ ಆಫೀಸಿನ ದಾಖಲೆ ಇದೆ. ಸುರಪುರದ ಮಕ್ಕಳು ತಮ್ಮ ರಾಜನ ಕಾಗದ ನೋಡಲು ಇಷ್ಟು ದೂರ ಹೋಗಬೇಕಲ್ಲ ಎಂದು ನನಗೆ ನೋವಿದೆ. ನಕಲು ತರಿಸಿ ಸುರಪುರದಲ್ಲೇ ಒಂದು ಪ್ರದರ್ಶನ ಇಡುವುದು ಆಗದ ಕೆಲಸವೇನಲ್ಲ.

ನಮ್ಮ ಕಾಲೇಜಿನಲ್ಲಿ ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡೋದು?

ಒಂದು ಊರಿನಿಂದ. "ಕಲ್ಯಾಣ ಕರ್ನಾಟಕದ ಇತಿಹಾಸ" ಎಂಬ ಹೆಸರಿಟ್ಟರೆ ಮೂವತ್ತು ಫಲಕ ತುಂಬಿದರೂ ಯಾರ ಮನಸ್ಸಿನಲ್ಲೂ ಏನೂ ಉಳಿಯುವುದಿಲ್ಲ. "ನಮ್ಮೂರ ಕೆರೆ" ಅಥವಾ "ಶಹಾಬಾದ್ ಕಲ್ಲಿನ ಗಣಿ" ಎಂದಿಟ್ಟರೆ ಹನ್ನೆರಡು ಕಾಗದ ಸಾಕು. ವಿಭಾಗೀಯ ಪತ್ರಾಗಾರ ಕಚೇರಿಗೆ ಮೂರು-ನಾಲ್ಕು ತಿಂಗಳು ಮೊದಲೇ ಪತ್ರ ಬರೆಯಿರಿ. ಅಸಲಿ ಕೇಳಬೇಡಿ, ನಕಲು ಕೇಳಿ. ಉತ್ತರ ದಿಕ್ಕಿಗೆ ಕಿಟಕಿ ಇರುವ ಕೋಣೆ ಆರಿಸಿ. ಫಲಕಗಳನ್ನು ಹತ್ತನೇ ತರಗತಿಯ ಹುಡುಗಿಯ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ಹಿರಿಯರಿಗೆ ಕುರ್ಚಿ ಹಾಕಿ. ಉದ್ಘಾಟನೆಯ ಭಾಷಣಕ್ಕೆ ಎರಡು ಗಂಟೆ ಕೊಟ್ಟು ಓದಿಗೆ ಹತ್ತು ನಿಮಿಷ ಉಳಿಸುವ ಪದ್ಧತಿ ಮಾತ್ರ ಬಿಡಿ.

ಕಾಗದದ ಕೆಳಗೆ ವಿವರ ಹೇಗೆ ಬರೆಯಬೇಕು?

ಮೊದಲ ಸಾಲಿನಲ್ಲಿ ಯಾರು ಯಾರಿಗೆ ಬರೆದರು, ಯಾವ ವರ್ಷ, ಏನು ಕೇಳಿದರು. ಎರಡನೆಯದರಲ್ಲಿ ಆಮೇಲೆ ಏನಾಯಿತು. ಮೂರನೆಯದರಲ್ಲಿ ಅಸಲಿ ಎಲ್ಲಿದೆ, ಕಡತದ ನಂಬರು ಏನು. ನಂತರ ಕಾಗದದ್ದೇ ಒಂದೆರಡು ಸಾಲು, ಮೂಲ ಭಾಷೆಯ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಅರ್ಥ. ಒಟ್ಟು ಅರವತ್ತು-ಎಪ್ಪತ್ತು ಪದ. ಓದಲು ಬಾರದ ಪದ ಇದ್ದರೆ ಊಹಿಸಿ ತುಂಬಬೇಡಿ, ಚುಕ್ಕೆ ಇಡಿ. ಒಮ್ಮೆ ನಾವು ಚುಕ್ಕೆ ಇಟ್ಟ ಒಂದು ಪದವನ್ನು ನೋಡಲು ಬಂದ ಹಿರಿಯರೊಬ್ಬರು ನಿಂತ ನಿಲುವಿನಲ್ಲೇ ಓದಿ ಹೇಳಿದರು. ಅದೊಂದು ಬಾವಿಯ ಹೆಸರು. ಬಾವಿ ಈಗಿಲ್ಲ, ಹೆಸರು ಅವರಿಗೆ ನೆನಪಿತ್ತು.

## ಕಷ್ಟದ ಪ್ರಶ್ನೆಗಳು

1948ರ ಕಾಗದಗಳನ್ನು ತೋರಿಸಬೇಕಾ? ಹಳೇ ಗಾಯ ಕೆದಕಿದ ಹಾಗೆ ಆಗಲ್ವಾ?

ತೋರಿಸಬೇಕು ಎಂಬುದು ನನ್ನ ನಿಲುವು. ಹೇಗೆ ತೋರಿಸುತ್ತೇವೆ ಎಂಬುದರ ಮೇಲೆ ಎಲ್ಲಾ ನಿಂತಿದೆ.

ಆ ವರ್ಷ ನಮ್ಮ ಜನ ಎರಡು ಸಲ ಬೆಂದರು. ಸೆಪ್ಟೆಂಬರ್‌ಗೆ ಮೊದಲು ನಿಜಾಮರ ಪರ ನಿಂತಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ. ಬೀದರ ಜಿಲ್ಲೆಯ ಗೋರ್ಟಾದಲ್ಲಿ ಆದ ಹತ್ಯಾಕಾಂಡವನ್ನು ಆ ಭಾಗ ಇವತ್ತಿಗೂ ಮರೆತಿಲ್ಲ. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಸಂಸ್ಥಾನದೊಳಗೆ ನಡೆಸಿದ "ಪೊಲೀಸ್ ಕಾರ್ಯಾಚರಣೆ"ಯ ನಂತರ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಅದನ್ನು ನೋಡಿ ಬರಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲ್ ಅವರ ತಂಡ ಕಳಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಒಂದನ್ನೇ ತೋರಿಸಿ ಇನ್ನೊಂದನ್ನು ಬಿಟ್ಟರೆ ಅದು ಪ್ರದರ್ಶನ ಆಗುವುದಿಲ್ಲ, ಪಕ್ಷ ಹಿಡಿದ ಹಾಗೆ ಆಗುತ್ತದೆ. ಎರಡೂ ಒಂದೇ ಕೋಣೆಯಲ್ಲಿರಲಿ.

ಅನುಭವದಿಂದ ಕಲಿತ ಕೆಲವು ಮಾತು. ಇದನ್ನು ಧ್ವನಿವರ್ಧಕ, ಮೆರವಣಿಗೆ ಇರುವ ದಿನ ಬೇಡ, ಶಾಂತವಾದ ಬೇರೆ ದಿನ ಇಡಿ. ಹೆಣಗಳ ಚಿತ್ರ ಬೇಡ. ಕಾಗದದಲ್ಲಿ ಹೆಸರಿರುವ ಮನೆತನ ಅದೇ ಊರಿನಲ್ಲಿದ್ದರೆ, ನೊಂದವರದಾಗಲಿ, ನೋಯಿಸಿದವರದಾಗಲಿ, ಹೆಸರು ಮುಚ್ಚಿ. ಮೊದಲೇ ಹೋಗಿ ಆ ಮನೆಯವರೊಂದಿಗೆ ಮಾತಾಡಿ. ವಿವರದಲ್ಲಿ ವಿಶೇಷಣ ಬಳಸಬೇಡಿ. ಸತ್ತವರ ಸಂಖ್ಯೆ ಬಗ್ಗೆ ಒಂದೊಂದು ಕಾಗದ ಒಂದೊಂದು ಹೇಳುತ್ತದೆ, ಹಾಗಾಗಿ ಯಾವ ಕಾಗದ ಏನು ಹೇಳಿದೆ ಎಂದೇ ಬರೆಯಿರಿ. ಕೋಣೆಯಲ್ಲಿ ಯಾರಾದರೂ ಒಬ್ಬರು ಸದಾ ಇರಲಿ. ಅಳುವವರು ಬರುತ್ತಾರೆ. ಅವರನ್ನು ಕೂರಿಸಿ, ನೀರು ಕೊಡಿ, ಅವರು ಹೇಳುವುದನ್ನು ಕೇಳಿ. ಮೊಬೈಲ್ ಎತ್ತಿ ಹಿಡಿಯಬೇಡಿ.

ಸರ್ಕಾರ ತನಗೆ ಬೇಡದ ಕಾಗದ ಮುಚ್ಚಿಡಲ್ವಾ? ಸುಟ್ಟುಹಾಕಿದರೆ?

ಯಾವ ಕಾಗದ ಉಳಿಸಬೇಕು, ಯಾವುದನ್ನು ಎಷ್ಟು ವರ್ಷಕ್ಕೆ ತೆಗೆಯಬಹುದು ಎಂಬುದಕ್ಕೆ ನಿಯಮ ಇದೆ. ಎಲ್ಲವನ್ನೂ ಉಳಿಸಲು ಯಾವ ದೇಶಕ್ಕೂ ಆಗುವುದಿಲ್ಲ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರಕಾರ ಕ್ರಮ ತಪ್ಪಿ ದಾಖಲೆ ನಾಶ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾಹಿತಿ ಹಕ್ಕು ಕಾಯ್ದೆಯಲ್ಲೂ ಒಂದು ಒಳ್ಳೆಯ ಅಂಶ ಇದೆ: 20 ವರ್ಷ ದಾಟಿದ ವಿಷಯವಾದರೆ, ದೇಶದ ಭದ್ರತೆಯಂಥ ಕೆಲವನ್ನು ಬಿಟ್ಟು, ಉಳಿದ ಬಹುತೇಕ ವಿನಾಯಿತಿಗಳು ನಡೆಯುವುದಿಲ್ಲ.

ಕಾನೂನು ಒಂದು ಕಡೆ ಇರಲಿ. ನಾನು ಕಂಡ ನಷ್ಟದಲ್ಲಿ ಹೆಚ್ಚಿನದು ಬೇಕೆಂದು ಮಾಡಿದ್ದಲ್ಲ. ಸೋರುವ ಚಾವಣಿ, ಗೆದ್ದಲು, ಕಚೇರಿ ಬದಲಿಸುವಾಗ ಮೂಲೆಗೆ ಎಸೆದ ಬಸ್ತಾ. ಯಾರೂ ಕೇಳದ ಕಾಗದ ಮೊದಲು ಹಾಳಾಗುತ್ತದೆ. ಜನ ಬಂದು ನೋಡಿ, ಇದು ನಮ್ಮೂರಿನದು ಎಂದ ಕಡತವನ್ನು ಮಾತ್ರ ಯಾವ ಅಧಿಕಾರಿಯೂ ಮೂಲೆಗೆ ಎಸೆಯಲು ಹಿಂಜರಿಯುತ್ತಾನೆ.

ಎಲ್ಲಾ ಸ್ಕ್ಯಾನ್ ಆಗ್ತಿದೆ. ಇನ್ನು ಪ್ರದರ್ಶನ ಯಾಕೆ ಬೇಕು?

ಸ್ಕ್ಯಾನ್ ಆಗಬೇಕು, ಬೇಗ ಆಗಬೇಕು. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಿಂದಲೇ ಎಷ್ಟೋ ಕಡತ ನೋಡಬಹುದು. ನಮ್ಮ ರಾಜ್ಯದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆ ಸ್ಕ್ಯಾನ್ ಆಗುತ್ತಿವೆ. ಆದರೆ ಪರದೆಯ ಮೇಲೆ ಶಿಕಸ್ತಾ ಕಂಡರೆ ಅದು ಶಿಕಸ್ತಾ ಆಗಿಯೇ ಇರುತ್ತದೆ. ಓದಲು ಬಾರದ ಪುಟ ಕಂಪ್ಯೂಟರಿನಲ್ಲಿದ್ದರೇನು, ಕಪಾಟಿನಲ್ಲಿದ್ದರೇನು? ಸ್ಕ್ಯಾನ್ ಮಾಡಿದ ಮೇಲೆ ಓದಿನ ಕೆಲಸ ಶುರುವಾಗುತ್ತದೆ, ಮುಗಿಯುವುದಿಲ್ಲ. ಜೊತೆಗೆ ಕಾಗದದ ಹಿಂಬದಿಯ ಟಿಪ್ಪಣಿ, ಮಡಿಕೆ, ನೀರಿನ ಕಲೆ, ಹೆಬ್ಬೆಟ್ಟಿನ ಗುರುತಿನ ಆಳ, ಇವನ್ನು ಎದುರು ನಿಂತೇ ನೋಡಬೇಕು.

ನನಗೆ ಉರ್ದು ಬರಲ್ಲ, ಮೋಡಿ ಬರಲ್ಲ, ಇತಿಹಾಸ ಓದಿಲ್ಲ. ನಾನೇನು ಮಾಡಬಹುದು?

ಓದಬಲ್ಲವರನ್ನು ಹುಡುಕಿಕೊಡಿ. ನಿಮ್ಮ ಓಣಿಯಲ್ಲಿ ನಿವೃತ್ತ ಪಟವಾರಿಯ ಮಗ ಇರಬಹುದು. ಕಚೇರಿಯಲ್ಲಿ ಮುನ್ಷಿಯಾಗಿದ್ದವರು, ಹಳೆಯ ವಕೀಲರ ಗುಮಾಸ್ತರು, ಉರ್ದು ಶಾಲೆಯ ನಿವೃತ್ತ ಮೇಷ್ಟ್ರು ಇರಬಹುದು. ಮುಂದಿನ ಪ್ರದರ್ಶನಕ್ಕೆ ಅವರನ್ನು ಕರೆತನ್ನಿ. ಬರಲಾಗದಷ್ಟು ವಯಸ್ಸಾಗಿದ್ದರೆ ಕಾಗದದ ದೊಡ್ಡ ನಕಲನ್ನು ಅವರ ಮನೆಗೇ ಒಯ್ಯಿರಿ. ಅವರು ಓದುವಾಗ ಒಪ್ಪಿಗೆ ಪಡೆದು ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಶುರುವಿನಲ್ಲಿ ಹೆಸರು, ಊರು, ತಾರೀಕು ಹೇಳಿಸಿ. ಯಾವ ಕಾಗದ ಓದುತ್ತಿದ್ದಾರೆ ಎಂಬ ನಂಬರನ್ನೂ ಅವರ ಬಾಯಲ್ಲೇ ಹೇಳಿಸಿ, ಇಲ್ಲದಿದ್ದರೆ ಆಮೇಲೆ ಜೋಡಿಸಲು ಆಗುವುದಿಲ್ಲ. ಫ್ಯಾನ್ ಆರಿಸಿ, ಅದರ ಸದ್ದು ಮಾತನ್ನು ನುಂಗುತ್ತದೆ. ಒಂದು ಸಲಕ್ಕೆ ಒಂದೇ ಕಾಗದ, ಅರ್ಧ ಗಂಟೆ ಸಾಕು. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣು ದಣಿಯುತ್ತದೆ.